ಕ್ಯಾನ್ಸರ್ ವಾರ್ಡಿನ ನರ್ಸಿಂಗ್ ಆರೈಕೆ ಎಷ್ಟು ಚೆನ್ನಾಗಿದೆ ಅಂತ ಅಳೆಯುವುದು ಹೇಗೆ?

ಮಂಗಳೂರಿನ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ಹೊತ್ತಿಗೆ ತುಂಬಿಸುವ ಫೀಡ್‌ಬ್ಯಾಕ್ ಫಾರ್ಮ್ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಮುಂದಿನ ಕೀಮೋಗೆ ಅದೇ ಸಿಸ್ಟರ್ ಹತ್ತಿರ ಬರಬೇಕು. ಹಾಗಾಗಿ ಎಲ್ಲರೂ 'ತುಂಬಾ ಚೆನ್ನಾಗಿದೆ' ಅಂತ ಟಿಕ್ ಹಾಕಿ ಹೋಗುತ್ತಾರೆ, ಅಲ್ವಾ?

ನಾನಾದರೆ ಮೊದಲು ನೋವಿನ ಚಾರ್ಟ್ ನೋಡುತ್ತೇನೆ. ನೋವು ಎಷ್ಟು ಅಂತ 0ಯಿಂದ 10ರೊಳಗೆ ಕೇಳಿ ಬರೆಯುತ್ತಾರೆ. 8 ಅಂತ ಬರೆದು ಮಾರ್ಫಿನ್ ಮಾತ್ರೆ ಕೊಟ್ಟಿದ್ದಾರೆ ಅನ್ನಿ. ಸುಮಾರು ಒಂದು ಗಂಟೆ ಬಿಟ್ಟು ಮತ್ತೆ ಕೇಳಿದ್ದಾರಾ? ಆ ಎರಡನೇ ಅಂಕಿ ಇಲ್ಲದಿದ್ದರೆ ಮದ್ದು ಕೊಟ್ಟದ್ದು ಮಾತ್ರ ಗೊತ್ತಾಗುತ್ತದೆ, ನೋವು ಇಳಿದದ್ದಲ್ಲ. ಕೇಳಿದ ಭಾಷೆಯೂ ಮುಖ್ಯ. ತುಳುವೋ ಬ್ಯಾರಿಯೋ ಮಾತ್ರ ಬರುವ ಅಜ್ಜಿಗೆ ಇಂಗ್ಲಿಷಿನಲ್ಲಿ ಕೇಳಿದರೆ ಸುಮ್ನೆ ತಲೆಯಾಡಿಸುತ್ತಾರೆ. ಚಾರ್ಟಿನಲ್ಲಿ ಆಗ ಯಾವುದೋ ಒಂದು ಅಂಕಿ ಬೀಳುತ್ತದೆ!

ಆಮೇಲೆ ಜ್ವರ. ಕೀಮೋದಿಂದ ಬಿಳಿ ರಕ್ತಕಣ ಇಳಿದವರಿಗೆ ಜ್ವರ ಬಂದರೆ 1 ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು. ಥರ್ಮಾಮೀಟರ್ ಇಟ್ಟ ಹೊತ್ತು, ಮೊದಲ ಡೋಸ್ ಹೋದ ಹೊತ್ತು, ಇವೆರಡರ ಅಂತರ ಫೈಲಿನಲ್ಲೇ ಇರುತ್ತದೆ. ಇಲ್ಲಿ ಡಾಕ್ಟರು, ಫಾರ್ಮಸಿಯವರ ಪಾಲೂ ಇದೆ, ಪೂರ್ತಿ ನರ್ಸ್ ತಲೆಗೆ ಕಟ್ಟಬೇಡಿ.

ಬಿದ್ದು ಪೆಟ್ಟಾದದ್ದು, ಮಲಗಿ ಆದ ಹುಣ್ಣು, ಕ್ಯಾಥೆಟರ್ (ದೇಹದೊಳಗೆ ಹಾಕಿಡುವ ನಳಿಕೆ) ಸೋಂಕು ಇವನ್ನು ಸಾಮಾನ್ಯವಾಗಿ ಎಲ್ಲ ರೋಗಿಗಳೂ ವಾರ್ಡಿನಲ್ಲಿ ಕಳೆದ ದಿನಗಳನ್ನು ಕೂಡಿಸಿ, ಅಂಥ 1,000 ದಿನಕ್ಕೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ; ಕ್ಯಾಥೆಟರ್ ಸೋಂಕಿಗೆ ಮಾತ್ರ ಕ್ಯಾಥೆಟರ್ ಇದ್ದ ದಿನಗಳನ್ನು ಎಣಿಸುತ್ತಾರೆ.

ಕೀಮೋ ಮದ್ದು ರಕ್ತನಾಳದಿಂದ ಹೊರಗೆ ಸೋರಿದ್ದನ್ನೂ ಎಣಿಸಬೇಕು. ಡಾಕ್ಸೋರುಬಿಸಿನ್‌ನಂಥ ಕೆಂಪು ಮದ್ದು ಸೋರಿದರೆ ಒಳಗಿನ ಮಾಂಸವೇ ಹಾಳಾಗಬಹುದು. ಆದರೆ ಜಾಸ್ತಿ ಕೀಮೋ ಕೊಡುವ ವಾರ್ಡ್ ವರ್ಷವಿಡೀ 'ಸೊನ್ನೆ' ತೋರಿಸಿದರೆ ನನಗೆ ಅನುಮಾನ. ವರದಿ ಮಾಡಿದ ನರ್ಸಿಗೆ ಅಲ್ಲಿ ಬೈಗುಳ ಸಿಗುತ್ತದಾ ಅಂತ ವಿಚಾರಿಸಿ.