ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸಿದರೂ ಘಾಟಿ ಹತ್ತದ ಕಾರು

ಮಳೆಗಾಲ ಮುಗಿದು ಜನ ಘಾಟಿ ಕಡೆ ಹೊರಟರೆ ಸಾಕು, ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಉಳಿದವರೂ ಇದನ್ನೇ ಓದಿಕೊಳ್ಳಿ.

ಪ್ರಶ್ನೆ: ನನ್ನದು 6 ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಕಾರು. ಈಚೆಗೆ ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಿಸಿದೆ. ಪುತ್ತೂರು–ಮಂಗಳೂರು ಓಡಾಟಕ್ಕೆ ತೊಂದರೆ ಇಲ್ಲ. ಸಂಪಾಜೆ ಘಾಟಿ ಹತ್ತುವಾಗ ಮಾತ್ರ 3ರಿಂದ 4, 4ರಿಂದ 3 ಅಂತ ಬದಲಾಯಿಸುತ್ತಲೇ ಇರುತ್ತದೆ. ಒಮ್ಮೊಮ್ಮೆ ಗೇರ್ ಬದಲಾಗುವಾಗ ಆರ್‌ಪಿಎಂ ಮುಳ್ಳು ದಿಢೀರನೆ 4,000ಕ್ಕೆ ಹಾರುತ್ತದೆ, ಗಾಡಿ ಎಳೆಯುವುದಿಲ್ಲ. ಮೆಕ್ಯಾನಿಕ್ ‘ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ ಸರ್’ ಅನ್ನುತ್ತಾರೆ. ಇನ್ನೊಬ್ಬರು ಆಯಿಲಿಗೆ ಬೆರೆಸಲು ಒಂದು ಬಾಟಲಿ ಅಡಿಟಿವ್ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಬಾಟಲಿ ವಾಪಸ್ ಕೊಡಿ.

ನೀವು ಎರಡು ಬೇರೆ ಬೇರೆ ವಿಷಯ ಸೇರಿಸಿ ಹೇಳಿದ್ದೀರಿ. 3–4–3 ಅಂತ ಆಡುವುದು ರೋಗವಲ್ಲ. ಏರಿನಲ್ಲಿ ಕಾಲು ಒತ್ತಿದಿರಿ, 3ಕ್ಕೆ ಇಳಿಯಿತು. ತಿರುವಿನಲ್ಲಿ ಕಾಲು ತೆಗೆದಿರಿ, 4ಕ್ಕೆ ಏರಿತು. ಮುಂದೆ ಇನ್ನೊಂದು ಏರು ಇದೆ ಅಂತ ಅದಕ್ಕೇನು ಕಣ್ಣಿದೆಯಾ? ಲಿವರನ್ನು ಮ್ಯಾನುಯಲ್ ಕಡೆ ತಳ್ಳಿ, 3ರಲ್ಲೋ 2ರಲ್ಲೋ ಇಟ್ಟು ಹತ್ತಿ. ಅದನ್ನು ಕೊಟ್ಟಿರುವುದೇ ಇದಕ್ಕೆ. ದುಡ್ಡು ಕೊಟ್ಟು ಕೊಂಡ ಸೌಲಭ್ಯವನ್ನು ಯಾರೂ ಮುಟ್ಟುವುದೇ ಇಲ್ಲ.

ಮುಳ್ಳು ಹಾರುವುದು ಮಾತ್ರ ರೋಗವೇ. ಒಂದು ಗೇರಿನ ಕ್ಲಚ್ ಬಿಟ್ಟಿದೆ, ಇನ್ನೊಂದರ ಕ್ಲಚ್ ಇನ್ನೂ ಹಿಡಿದಿಲ್ಲ. ಆ ಸಂದಿಯಲ್ಲಿ ಎಂಜಿನ್ ಸುಮ್ನೆ ಅರಚುತ್ತದೆ. ಪ್ರತಿ ಸಲ ಹೀಗಾದಾಗಲೂ ಹೊಸ ಕ್ಲಚ್ ಪ್ಲೇಟು ಸ್ವಲ್ಪ ಸುಡುತ್ತದೆ. ಇದು ‘ಸೆಟ್’ ಆಗುವುದಿಲ್ಲ, ಜಾಸ್ತಿಯಾಗುತ್ತದೆ.

ನಿಮ್ಮ ಮೆಕ್ಯಾನಿಕ್ ಮಾತು ಅರ್ಧ ನಿಜ, ಅದೇ ತಾಪತ್ರಯ. ಯಾವ ಕ್ಲಚ್‌ಗೆ ಎಷ್ಟು ಹೊತ್ತು ಆಯಿಲ್ ತುಂಬಬೇಕು, ಎಷ್ಟು ಒತ್ತಡ ಕೊಡಬೇಕು ಅಂತ ಗೇರ್‌ಬಾಕ್ಸಿನ ಕಂಪ್ಯೂಟರ್ ಓಡುತ್ತಾ ಕಲಿಯುತ್ತದೆ. ಹಳೆ ಸವೆದ ಪ್ಲೇಟಿನ ಲೆಕ್ಕ ಅದರ ತಲೆಯಲ್ಲೇ ಇದ್ದರೆ, ಹೊಸ ಪ್ಲೇಟಿಗೆ ತಾಳೆಯಾಗುವುದಿಲ್ಲ. ಸ್ಕ್ಯಾನರ್ ಹಾಕಿ ಹಳೆಯದನ್ನು ಅಳಿಸಬೇಕು. ಆಮೇಲೆ ಆಯಿಲ್ ಬಿಸಿಯಾದ ಮೇಲೆ ಸಪಾಟು ರಸ್ತೆಯಲ್ಲಿ ಹಗುರ ಕಾಲಿನಲ್ಲಿ ಓಡಿಸಿ, ಅದು ಹೊಸದಾಗಿ ಕಲಿಯಲು ಬಿಡಬೇಕು. ಆಗ ಸಣ್ಣಪುಟ್ಟ ಜರ್ಕ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಹೋಗುತ್ತದೆ. ಇಷ್ಟಾದ ಮೇಲೂ ಮುಳ್ಳು ಹಾರಿದರೆ ಗಾಡಿ ಗ್ಯಾರೇಜಿಗೆ ವಾಪಸ್ ಕಳಿಸಿ.

ಘಾಟಿಯಲ್ಲೇ ಯಾಕೆ? ಭಾರ ಜಾಸ್ತಿಯಾದಷ್ಟೂ ಕ್ಲಚ್ ಹಿಡಿಯಲು ಆಯಿಲ್ ಒತ್ತಡ ಜಾಸ್ತಿ ಬೇಕು. ಪೇಟೆಯಲ್ಲಿ ಕಡಿಮೆ ಒತ್ತಡದಲ್ಲೂ ಸುಧಾರಿಸಿಕೊಂಡು ಹೋಗುವ ಬಾಕ್ಸ್ ಏರಿನಲ್ಲಿ ಸಿಕ್ಕಿಬೀಳುತ್ತದೆ. ನನ್ನ ಮೊದಲ ಅನುಮಾನ ಆಯಿಲ್ ಮಟ್ಟದ ಮೇಲೆ. ಮಟ್ಟ ಕಡಿಮೆಯಿದ್ದರೆ ಕಡಿದಾದ ತಿರುವಿನಲ್ಲಿ ಆಯಿಲ್ ಪ್ಯಾನಿನ ಒಂದು ಮೂಲೆಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ. ಅಷ್ಟೇ ಭಾರದಲ್ಲಿ ನೇರ ಏರಿಗೆ ಸರಿ ಇದ್ದು, ಹೇರ್‌ಪಿನ್‌ನಲ್ಲಿ ಮಾತ್ರ ಜಾರಿದರೆ ಇದನ್ನೇ ಮೊದಲು ನೋಡಿಸಿ. ಈಗಿನ ಎಷ್ಟೋ ಬಾಕ್ಸುಗಳಿಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಲ್ಲ. ಎಂಜಿನ್ ಓಡುತ್ತಿರಬೇಕು, ಗಾಡಿ ಸಮನಾಗಿ ನಿಂತಿರಬೇಕು, ಆಯಿಲ್ ಕಂಪನಿ ಹೇಳಿದ ಉಷ್ಣತೆಗೆ ಬಂದಿರಬೇಕು, ಹೆಚ್ಚಿನವಕ್ಕೆ ಅದು 40 ಡಿಗ್ರಿ ಆಸುಪಾಸು. ಆಗ ಮಟ್ಟ ನೋಡುವ ಚೆಕ್ ಪ್ಲಗ್‌ ಬಿಚ್ಚಿದರೆ ಆಯಿಲ್ ಸಣ್ಣಗೆ ತೊಟ್ಟಿಕ್ಕಬೇಕು. ಆಯಿಲ್ ತೀರಾ ಬಿಸಿಯಿದ್ದಾಗ ಉಬ್ಬಿರುತ್ತದೆ. ಆಗ ನೋಡಿ ‘ಸರಿ ಇದೆ’ ಅಂದರೆ, ಕೆಲಸಕ್ಕೆ ಬೇಕಾದಷ್ಟು ಇರುವುದಿಲ್ಲ.

ಗ್ಯಾರೇಜಿನಲ್ಲಿ ಇನ್ನೂ ಎರಡು ಕೇಳಿ. ಟಾರ್ಕ್ ಕನ್ವರ್ಟರ್ ಹಳೆಯದನ್ನೇ ಹಾಕಿದರಾ? ಆಯಿಲ್ ತಣಿಸುವ ಕೂಲರನ್ನು ಫ್ಲಶ್ ಮಾಡಿ ತೊಳೆದರಾ? ಹಳೆ ಪ್ಲೇಟಿನ ಪುಡಿ ಇವೆರಡರಲ್ಲೂ ಕೂತಿರುತ್ತದೆ. ಹೊಸ ಆಯಿಲ್ ಹರಿದ ಕೂಡಲೇ ಅದು ವಾಪಸ್ ಬಂದು, ಕ್ಲಚ್ಚುಗಳಿಗೆ ಆಯಿಲ್ ಹಂಚುವ ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸರಿಯಾದ ಉತ್ತರ ಬರದೆ ‘ಅದೆಲ್ಲ ಬೇಕಾಗಲ್ಲ ಸರ್’ ಅಂದರೆ ವಾರಂಟಿ ಚೀಟಿ ಹುಡುಕಿ ಇಟ್ಟುಕೊಳ್ಳಿ.

ಇದೆಲ್ಲ ಆಗುವವರೆಗೆ ಮಡಿಕೇರಿ ಬೇಡ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೆದರುವವನು, ಇರಲಿ. ದಾರಿಯಲ್ಲೇ ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ‘ಪಿ’ಗೆ ಹಾಕಿ. ಎಂಜಿನ್ ತಕ್ಷಣ ಆಫ್ ಮಾಡಬೇಡಿ, ಆಯಿಲ್ ಕೂಲರಿನಲ್ಲಿ ಸುತ್ತಲಿ. ವಿಡಿಯೊ ನೋಡಿ ಸ್ಟಾಲ್ ಟೆಸ್ಟ್ (ಗೇರಿನಲ್ಲಿಟ್ಟು ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡುವುದು) ಮಾಡಲು ಮಾತ್ರ ಹೋಗಬೇಡಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಮೈಲೇಜ್ ಬರುತ್ತದಂತೆ?

ಉತ್ತರ: ಇಲ್ಲ. ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಸುರಿಯುತ್ತದೆ. ಮೇಲಿಂದ ಬ್ರೇಕ್ ಕಾದು ಕೈಕೊಡುತ್ತದೆ.

ಪ್ರಶ್ನೆ: ಎಲ್ಲ ಆಟೋಮ್ಯಾಟಿಕ್ ಆಯಿಲೂ ಒಂದೇ ಅಲ್ವಾ?

ಉತ್ತರ: ಅಲ್ಲ. ಸಿವಿಟಿಗೆ (ಗೇರಿನ ಬದಲು ಬೆಲ್ಟಿನಲ್ಲಿ ಓಡುವ ಬಾಕ್ಸ್) ಸಿವಿಟಿಯದ್ದೇ, ಡಿಸಿಟಿಗೆ (ಎರಡು ಕ್ಲಚ್ಚಿನ ಬಾಕ್ಸ್) ಡಿಸಿಟಿಯದ್ದೇ. ಒಂದೇ ಅನ್ನುವ ಅಂಗಡಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ನನ್ನ ಎಎಂಟಿ (ಕ್ಲಚ್, ಗೇರನ್ನು ಯಂತ್ರವೇ ಹಾಕುವ ಮ್ಯಾನುಯಲ್ ಬಾಕ್ಸ್) ಕಾರು ಏರಿನಲ್ಲಿ ಹಿಂದಕ್ಕೆ ಜಾರುತ್ತದೆ, ಗೇರ್‌ಬಾಕ್ಸ್ ಕಟ್ಟಿಸಬೇಕಾ?

ಉತ್ತರ: ಬೇಡ, ಬ್ರೇಕ್ ಒತ್ತಿ. ಆಕ್ಸಿಲರೇಟರಿನಲ್ಲೇ ಗಾಡಿ ತಡೆದು ನಿಲ್ಲಿಸಿದರೆ ಆಮೇಲೆ ಕ್ಲಚ್ ಪ್ಲೇಟ್ ಹಾಕಿಸಬೇಕಾಗುತ್ತದೆ.