ತೂತಿನ ಅಂಚಿಗೆ ಚಕ್ಕೆ ಎದ್ದಿದೆ, ಟ್ಯಾಂಕ್ ಉಳಿಯುತ್ತಾ?

ಪ್ರಶ್ನೆ: ಅಣ್ಣಾ, ನಮ್ಮದು ದಾವಣಗೆರೆಯ ನಿಟುವಳ್ಳಿ. ಮನೆಯಲ್ಲಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೀನಿನ ಟ್ಯಾಂಕ್ ಇದೆ. ಗಾಜು 8 ಎಂ.ಎಂ. ಹೆಚ್ಚಾದ ನೀರು ಕೆಳಗಿಟ್ಟ ಫಿಲ್ಟರ್ ತೊಟ್ಟಿಗೆ ಇಳಿಯಲಿ ಅಂತ ಹಿಂಬದಿ ಗಾಜಿನ ಮೇಲ್ಭಾಗದಲ್ಲಿ 38 ಎಂ.ಎಂ. ತೂತು ಹಾಕಿದೆ. ಹೊರಗಿನಿಂದ ಕೊರೆದೆ. ಕೊನೆಗೆ ಟಕ್ ಅಂದು ಒಳಬದಿಯಲ್ಲಿ, ತೂತಿನ ಅಂಚಿಗೆ, ಶೇಂಗಾ ಸಿಪ್ಪೆಯಂಥ ಚಕ್ಕೆ ಎದ್ದಿತು. 4 ಎಂ.ಎಂ. ಅಗಲ ಇದೆ. ಅಪ್ಪ ಸಿಲಿಕಾನ್ ತುಂಬಿಬಿಡು ಅಂತಾರೆ. ಹೊಸ ಟ್ಯಾಂಕ್ ತರಬೇಕಾ?

ಉತ್ತರ: ತಮ್ಮಾ, ಗಾಬರಿ ಬೇಡ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಗಾಜಿನ ಅಂಗಡಿ ಇಟ್ಟು ನನಗೆ 24 ವರ್ಷ ಆಯಿತು. ಚಕ್ಕೆ ಎದ್ದ ಗಾಜು ನೋಡಿ ಅಳುಮುಖ ಮಾಡಿಕೊಂಡು ಬರುವ ಹುಡುಗರನ್ನು ಎಷ್ಟೋ ಸಲ ಸಮಾಧಾನ ಮಾಡಿ ಕಳಿಸಿದ್ದೇನೆ. ಚಕ್ಕೆಗೆ ನಾನು ಹೆದರುವುದಿಲ್ಲ. ಹೆದರುವುದು ಅದರಿಂದ ಹೊರಟ ಗೆರೆಗೆ.

ಮೊದಲು ಆ ಗೆರೆ ಇದೆಯಾ ನೋಡು. ತೂತಿನ ಸುತ್ತ ಚೆನ್ನಾಗಿ ಒರೆಸು. ರಾತ್ರಿ ದೀಪ ಆರಿಸಿ ಟಾರ್ಚನ್ನು ಗಾಜಿಗೆ ಪಕ್ಕದಿಂದ, ಓರೆಯಾಗಿ ಹಿಡಿ. ಬಿರುಕು ಇದ್ದರೆ ಬೆಳ್ಳಿ ದಾರದ ಹಾಗೆ ಹೊಳೆಯುತ್ತದೆ. ಉಗುರಿನಿಂದಲೂ ಸವರಿ ನೋಡು. ಚಕ್ಕೆಯ ಗುಂಡಿ ದಾಟಿ ಒಂದೇ ಒಂದು ಗೆರೆ ಹೋಗಿದ್ದರೂ ಆ ಗಾಜು ಬದಲಿಸಲೇಬೇಕು. ಮೇಲೆ ಎಷ್ಟು ಸಿಲಿಕಾನ್ ಬಳಿದರೂ ನೀರಿನ ಒತ್ತಡಕ್ಕೆ ಗೆರೆ ಇಂದಲ್ಲ ನಾಳೆ ಮುಂದಕ್ಕೆ ಓಡುತ್ತದೆ. ನಿನ್ನ ಟ್ಯಾಂಕ್ ಪೂರ್ತಿ ತುಂಬಿದರೆ ಸುಮಾರು 127 ಲೀಟರ್. ಅಷ್ಟು ನೀರು ನಡುಮನೆಗೆ ಬಂದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಗೆರೆ ಇಲ್ಲ ಅಂದರೆ ಟ್ಯಾಂಕ್ ಉಳಿಯಿತು. ಈಗ ಟ್ಯಾಂಕ್ ನಿಪ್ಪಲ್ (ತೂತಿಗೆ ಪೈಪ್ ಕೂರಿಸುವ ಜೋಡಣೆ, ಒಂದು ಕಡೆ ಅಗಲ ತಲೆ, ಇನ್ನೊಂದು ಕಡೆ ನಟ್) ತಗೊಂಡು ಅದರ ವಾಷರ್ ಅಳೆದು ನೋಡು. ವಾಷರ್ ತೂತಿನ ಅಂಚಿನಿಂದ 10 ಎಂ.ಎಂ. ಆಚೆಗೆ ಕೂರುತ್ತದೆ ಅಂತಿಟ್ಟುಕೋ. ಚಕ್ಕೆ 4 ತಿಂದರೂ 6 ಎಂ.ಎಂ. ನುಣುಪು ಗಾಜು ಉಳಿಯಿತು. ನೀರು ತಡೆಯಲು ಅದು ಸಾಕು. ಆದರೂ ನಾನಾಗಿದ್ದರೆ ನಿಪ್ಪಲ್ಲನ್ನೇ ತಿರುಗಿಸಿ ಹಾಕುತ್ತಿದ್ದೆ. ನೀನು ಹೊರಗಿನಿಂದ ಕೊರೆದದ್ದರಿಂದ ಹೊರಬದಿ ನುಣುಪಾಗೇ ಇದೆ. ನಿಪ್ಪಲ್ಲಿನ ತಲೆ, ವಾಷರ್ ಎರಡೂ ಹೊರಗೆ ಬರಲಿ, ನಟ್ ಒಳಗೆ ಇರಲಿ. ಒಂದು ಮಾತು ನೆನಪಿರಲಿ: ವಾಷರ್ ಯಾವತ್ತೂ ತಲೆಯ ಕೆಳಗೇ ಕೂರಬೇಕು. ನಟ್ ಕಡೆ ಹಾಕಿದರೆ ನಟ್ ತಿರುಗುವ ಥ್ರೆಡ್ಡಿನ ಸಂದಿಯಿಂದ ನೀರು ಜಿನುಗುತ್ತದೆ. ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು ತಿರುಗಿಸು, ಸಾಕು. ಪಾನಾ ಹಾಕಿ ಜಗ್ಗಿದರೆ ಆ ಚಕ್ಕೆಯಿಂದಲೇ ಬಿರುಕು ಶುರುವಾಗಬಹುದು.

ಅಪ್ಪನಿಗೆ ಹೇಳು, ಚಕ್ಕೆಯ ಗುಂಡಿಗೆ ಸಿಲಿಕಾನ್ ತುಂಬಿದರೆ ಗಾಜಿಗೆ ಬಲ ಬರುವುದಿಲ್ಲ. ಬೇಕಾದರೆ 220 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಚೂಪು ಅಂಚನ್ನು ಹಗುರವಾಗಿ ತೀಡಿ. ಅದರಿಂದ ಉಪಯೋಗ ಜಾಸ್ತಿ.

ಆಮೇಲೆ ಟ್ಯಾಂಕನ್ನು ಅಂಗಳದಲ್ಲಿ, ಥರ್ಮಾಕೋಲ್ ಹಾಳೆಯ ಮೇಲಿಟ್ಟು, ನಿಪ್ಪಲ್ಲಿನ ಬಾಯಿ ಮುಚ್ಚಿ ತುಂಬಿಸು. ತೂತಿನ ಕೆಳಗೆ ಒಣ ಪೇಪರ್ ಹಾಸು. ಎರಡು ದಿನ ಬಿಡು. ಪೇಪರ್ ಒಣಗೇ ಇದ್ದರೆ ಒಳಗೆ ತಗೊಂಡು ಹೋಗು. ನಿನ್ನ ತೂತು ಮೇಲ್ಭಾಗದಲ್ಲಿ ಇರುವುದು ಒಳ್ಳೆಯದಾಯಿತು, ಅಲ್ಲಿ ನೀರಿನ ಒತ್ತಡ ಕಡಿಮೆ.

ಚಕ್ಕೆ ಯಾಕೆ ಎದ್ದಿತು ಅಂದರೆ, ಕೊನೆಯಲ್ಲಿ ಒತ್ತಿದೆ. ಡೈಮಂಡ್ ಬಿಟ್ ಗಾಜನ್ನು ಕತ್ತರಿಸುವುದಿಲ್ಲ, ಉಜ್ಜಿ ಉಜ್ಜಿ ಸವೆಸುತ್ತದೆ. ಕೊನೆಯ 1 ಎಂ.ಎಂ. ತೆಳ್ಳಗಾದಾಗ ಮೆಷಿನ್ನಿನ ಭಾರಕ್ಕೇ ಮುರಿದು ಆಚೆ ಬದಿಗೆ ಹಾರುತ್ತದೆ. ಅಲ್ಲಿಗೆ ಬಂದಾಗ ಮೆಷಿನ್ನನ್ನು ಕೈಯಲ್ಲಿ ತುಸು ಎತ್ತಿಯೇ ಹಿಡಿಯಬೇಕು. ಹಿಂದುಗಡೆ ಅಗಲದ ಟೇಪ್ ಎರಡು ಪದರ ಅಂಟಿಸಬೇಕು. ವೇಗ ಕಡಿಮೆ, ಹ್ಯಾಮರ್ ಮೋಡ್ ಮುಟ್ಟಲೇಬಾರದು. ನಾನು ಮಕ್ಕಳ ಆಟದ ಮಣ್ಣಿನಿಂದ ತೂತಿನ ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇನೆ. ಬಿಟ್ ತಣ್ಣಗಿರುತ್ತೆ, ಗಾಜಿನ ಪುಡಿಯೂ ಮೂಗಿಗೆ ಹೋಗಲ್ಲ. ಇನ್ನೊಂದು, ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ತೂತಿನ ಅಗಲದಷ್ಟು ಜಾಗ ಇರಲಿ. ನಿನ್ನದಕ್ಕೆ 38 ಎಂ.ಎಂ.

ನಮ್ಮ ಕೋಟೆಗೆ ಬಂದರೆ ಅಕ್ಕ-ತಂಗಿ ಹೊಂಡ ನೋಡಿ ಹೋಗು. ಮೇಲಿನದು ತುಂಬಿದ ಮೇಲೆ ಹೆಚ್ಚಾದ ನೀರು ಕೆಳಗಿನದಕ್ಕೆ ಇಳಿಯುತ್ತದೆ. ನೀನು ಮಾಡಲು ಹೊರಟಿರುವುದೂ ಅದನ್ನೇ. ನನಗೆ ಆ ಹೊಂಡದ ಮುಂದೆ ನಿಂತಾಗಲೆಲ್ಲ ಖುಷಿಯಾಗುತ್ತದೆ.

ಪ್ರಶ್ನೆ: ಟ್ಯಾಂಕಿನ ತಳದ ಗಾಜಿಗೂ ತೂತು ಹಾಕಬಹುದಾ? (ಹೊಸದುರ್ಗದ ಓದುಗರು)

ಉತ್ತರ: ಹಾಕಬಹುದು, ಆದರೆ ಅದು ಟಫನ್ಡ್ ಗಾಜು (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಆಗಿರಬಾರದು. ರೆಡಿಮೇಡ್ ಟ್ಯಾಂಕುಗಳಿಗೆ ತಳದಲ್ಲಿ ಟಫನ್ಡ್ ಹಾಕಿರುವುದುಂಟು. ಅಂಗಡಿ ಶುರು ಮಾಡಿದ ಹೊಸತರಲ್ಲಿ ನಾನು ಕೇಳದೆ, ನೋಡದೆ ಒಂದಕ್ಕೆ ಬಿಟ್ ಇಟ್ಟೆ. ಅರ್ಧ ನಿಮಿಷ ಆಗಿರಲಿಲ್ಲ. ಮಂಡಕ್ಕಿ ಮೂಟೆ ಒಡೆದ ಹಾಗೆ ಇಡೀ ಗಾಜು ಚೂರುಚೂರಾಗಿ ನೆಲಕ್ಕೆ ಬಿತ್ತು. ಆ ಟ್ಯಾಂಕ್ ಒಬ್ಬ ಶಾಲೆ ಹುಡುಗನದು. ಅವತ್ತಿನ ಅವನ ಮುಖ ಇನ್ನೂ ಕಣ್ಣಮುಂದಿದೆ. ನನ್ನ ಖರ್ಚಿನಲ್ಲೇ ಹೊಸ ತಳ ಹಾಕಿಕೊಟ್ಟೆ.

ಈಗ ಹೀಗೆ ಪರೀಕ್ಷೆ ಮಾಡುತ್ತೇನೆ. ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿ ಮಾಡಿ ಗಾಜಿನ ಹಿಂದೆ ಇಡುತ್ತೇನೆ. ಮುಂದಿನಿಂದ ಪೋಲರೈಸ್ಡ್ ತಂಪು ಕನ್ನಡಕ ಹಿಡಿದು ನಿಧಾನವಾಗಿ ತಿರುಗಿಸುತ್ತೇನೆ. ಮಾಮೂಲಿ ಗಾಜಾದರೆ ಎಲ್ಲ ಕಡೆ ಒಂದೇ ಸಮ ಕಪ್ಪಾಗುತ್ತದೆ. ಟಫನ್ಡ್ ಆದರೆ ಪಟ್ಟೆ, ಮಚ್ಚೆ ಕಾಣಿಸುತ್ತವೆ. ಬರೀ ಬಣ್ಣದ ಕನ್ನಡಕದಲ್ಲಿ ಇದು ಗೊತ್ತಾಗಲ್ಲ. ಮಚ್ಚೆ ಕಂಡರೆ ಆ ಗಾಜಿಗೆ ಡ್ರಿಲ್ ತಾಗಿಸಬೇಡಿ. ಪಕ್ಕದ ಗಾಜುಗಳನ್ನೂ ಒಂದೊಂದಾಗಿ ಹೀಗೇ ನೋಡಿ, ಮಾಮೂಲಿ ಇದ್ದದ್ದಕ್ಕೆ ತೂತು ಹಾಕಿ.