ಆಡಿನ ಮಾಸಿಗೆ ನಾಯಿಯ ಲೆಕ್ಕ ಹಿಡಿಯಬೇಡಿ

ಮಹಾರಾಷ್ಟ್ರದ ವಾಘೋಲಿಯ ಸಹೋದರರಿಗೆ ನಮಸ್ಕಾರ. ನಿಮ್ಮ ಉಸ್ಮಾನಾಬಾದಿ ತಳಿಯ ಆಡು ಬೆಳಿಗ್ಗೆ ಆರಕ್ಕೆ ಎರಡು ಮರಿ ಹಾಕಿ ನಾಲ್ಕು ತಾಸಾದರೂ ಮಾಸು (ಹೆರಿಗೆಯ ನಂತರ ಹೊರಬೀಳುವ ಪೊರೆ) ಬಿದ್ದಿಲ್ಲ, ಕಳೆದ ತಿಂಗಳು ನಾಯಿ ಈದಾಗ ಪ್ರತಿ ಮರಿಯ ಹಿಂದೆಯೇ ಬಿದ್ದಿತ್ತು ಎಂದು ಬರೆದಿದ್ದೀರಿ. ಮಾಸನ್ನು ಎಳೆದು ತೆಗೆಯಿರಿ, ಅದು ಬೀಳುವವರೆಗೆ ಮರಿಗಳಿಗೆ ಹಾಲು ಬಿಡಬೇಡಿ ಎಂದು ನೆರೆಯ ಹಿರಿಯರು ಹೇಳುತ್ತಿದ್ದಾರೆ ಎಂದೂ ತಿಳಿಸಿದ್ದೀರಿ. ಮೊದಲು ಕೆಲಸದ ಮಾತು: ಎಳೆಯಬೇಡಿ, ಅದಕ್ಕೆ ಕಲ್ಲನ್ನೋ ಇಟ್ಟಿಗೆಯನ್ನೋ ಕಟ್ಟಬೇಡಿ, ಮತ್ತು ಈ ಉತ್ತರವನ್ನು ಪೂರ್ತಿ ಓದುವ ಮುಂಚೆಯೇ ಮರಿಗಳನ್ನು ಕೆಚ್ಚಲಿಗೆ ಬಿಡಿ.

ಆಡು, ನಾಯಿ, ಮನುಷ್ಯ ಎಲ್ಲವೂ ಒಂದೇ ಗುಂಪಿನ ಸಸ್ತನಿಗಳೆಂದು ಪಾಠದಲ್ಲಿದೆ, ಹಾಗಿದ್ದರೆ ಈ ವ್ಯತ್ಯಾಸವೇಕೆ ಎಂದು ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಸಸ್ತನಿಗಳಲ್ಲಿ ಪ್ಲಾಟಿಪಸ್‌ನಂತೆ ಮೊಟ್ಟೆಯಿಡುವ ಕೆಲವೇ ಜಾತಿಗಳಿವೆ. ಕಾಂಗರೂವಿನಂತೆ ಒಂದು ಗ್ರಾಮೂ ತೂಗದ ಮರಿಯನ್ನು ಹೆತ್ತು ಚೀಲದಲ್ಲಿ ಬೆಳೆಸುವವು ಇನ್ನೊಂದು ಗುಂಪು. ಉಳಿದ ಬಹುಪಾಲು ಜರಾಯು ಸಸ್ತನಿಗಳು, ಅಂದರೆ ಮರಿಯನ್ನು ಗರ್ಭದಲ್ಲೇ ದೀರ್ಘಕಾಲ ಜರಾಯುವಿನ ಮೂಲಕ ಪೋಷಿಸುವವು. ನಾವು ಮಾಸು ಎನ್ನುವುದು, ಇಲ್ಲಿನ ಮರಾಠಿ ರೈತರು ‘ವಾರ’ ಎನ್ನುವುದು, ಈ ಜರಾಯುವನ್ನೇ. ಇಂದಿನ ವರ್ಗೀಕರಣದಲ್ಲಿ ಈ ಮೂರನೆಯ ಗುಂಪಿಗೆ ನಾಲ್ಕು ದೊಡ್ಡ ಕವಲುಗಳಿವೆ. ಆನೆ ಮತ್ತು ಕಡಲಹಸು ಆಫ್ರೊಥೀರಿಯಾದಲ್ಲಿ, ದಕ್ಷಿಣ ಅಮೆರಿಕದ ಸ್ಲಾತ್ ಮತ್ತು ಆರ್ಮಡಿಲ್ಲೊ ಜೆನಾರ್ಥ್ರದಲ್ಲಿ, ಮನುಷ್ಯ, ಮಂಗ, ಇಲಿ, ಮೊಲಗಳು ಯೂಆರ್ಕಾಂಟೊಗ್ಲೈರಿಸ್‌ನಲ್ಲಿ, ಆಡು, ದನ, ಕುದುರೆ, ನಾಯಿ, ಬಾವಲಿ, ತಿಮಿಂಗಿಲಗಳು ಲಾರೇಷಿಯಾಥೀರಿಯಾದಲ್ಲಿ ಬರುತ್ತವೆ. ಹೀಗಾಗಿ ಆಡಿಗೆ ನಾಯಿ ನಮಗಿಂತ ಹತ್ತಿರದ ನೆಂಟ. ಆದರೆ ಮಾಸಿನ ಆಕಾರ ಈ ನೆಂಟಸ್ತಿಕೆಯನ್ನು ಅನುಸರಿಸುವುದಿಲ್ಲ. ನಾಯಿಯ ಮಾಸು ಮರಿಯನ್ನು ನಡುಪಟ್ಟಿಯಂತೆ ಸುತ್ತಿರುತ್ತದೆ, ದೂರದ ಕವಲಿನ ಆನೆಯದೂ ಹಾಗೆಯೇ. ಕುದುರೆಯಲ್ಲಿ ಅದು ಗರ್ಭಕೋಶದ ಗೋಡೆಯುದ್ದಕ್ಕೂ ಹರಡಿಕೊಂಡಿದ್ದರೆ, ಮನುಷ್ಯರಲ್ಲಿ ರೊಟ್ಟಿಯಂತೆ ದುಂಡಗಿರುತ್ತದೆ.

ಆಡಿನದು ಇವೆಲ್ಲಕ್ಕಿಂತ ಬೇರೆ. ಕಳೆದ ವರ್ಷ ನಮ್ಮ ಆಡಿನ ಮಾಸನ್ನು ಕೈಗವಸು ಹಾಕಿಕೊಂಡು ಬೋಗುಣಿಯ ನೀರಿನಲ್ಲಿ ಬಿಡಿಸಿ ನೋಡಿದ್ದೆ. ತೆಳ್ಳಗಿನ, ಬೆಳಕು ತೂರುವ ಪೊರೆಯ ಮೇಲೆ ಕಡುಗೆಂಪು ಗುಂಡಿಗಳು ಅಂಗಿಗೆ ಹೊಲಿದಂತೆ ಅಲ್ಲಲ್ಲಿ ಕೂತಿದ್ದವು, ಪ್ರತಿಯೊಂದೂ ಸುಮಾರು ಹಳೆಯ ನಾಲ್ಕಾಣೆ ನಾಣ್ಯದಷ್ಟು. ಗರ್ಭಕೋಶದ ಗೋಡೆಯಲ್ಲಿ ಇವಕ್ಕೆ ಸರಿಹೊಂದುವ ಬಟ್ಟಲಿನಂಥ ಉಬ್ಬುಗಳಿದ್ದು, ಗುಂಡಿಯ ಎಳೆಗಳು ಅದರೊಳಗೆ ಬೇರಿನಂತೆ ಇಳಿದಿರುತ್ತವೆ. ಹೆರಿಗೆಯ ನಂತರ ರಕ್ತ ಇಳಿದು, ಗರ್ಭಕೋಶ ಹಿಂಡಿ ಹಿಂಡಿ ಕುಗ್ಗಿದಂತೆ ಈ ಗುಂಡಿಗಳು ಒಂದೊಂದಾಗಿ ಸಡಿಲವಾಗಬೇಕು. ಅದಕ್ಕೇ ಹೊತ್ತು ಹಿಡಿಯುವುದು. ಎಳೆದರೆ ಪೊರೆ ಹರಿದು ಚೂರುಗಳು ಒಳಗೇ ಕೊಳೆಯುತ್ತವೆ, ರಕ್ತಸ್ರಾವವಾಗಬಹುದು, ಗರ್ಭಕೋಶವೇ ಹೊರಬರಬಹುದು. ಆಡಿಗೆ ಹನ್ನೆರಡು ತಾಸಿನವರೆಗೆ ಕಾಯಬಹುದು. ಕುದುರೆಗಾದರೆ ಮೂರು ತಾಸು ದಾಟಿದರೆ ತುರ್ತು.

ಹಾಲಿನ ವಿಷಯದಲ್ಲಿ ಹಿರಿಯರ ಮಾತು ತಪ್ಪೆಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಒಂದು ನಂಬಿಕೆಯಿಂದ ಸಾಯುವ ಮರಿಗಳನ್ನು ಕಂಡು ನನಗೆ ಸಂಕಟವಾಗಿದೆ. ಮನುಷ್ಯರ ಮಾಸು ತಾಯಿಯ ರಕ್ತದಲ್ಲೇ ಅದ್ದಿಕೊಂಡಿರುವುದರಿಂದ ರೋಗನಿರೋಧಕ ಅಂಶಗಳು ಮಗುವಿಗೆ ಗರ್ಭದಲ್ಲೇ ತಲುಪುತ್ತವೆ. ಆಡು, ದನ, ಎಮ್ಮೆಗಳಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಹಲವು ಪದರಗಳು ಉಳಿದಿರುವುದರಿಂದ ಆ ಅಂಶಗಳು ದಾಟುವುದೇ ಇಲ್ಲ, ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವ ರಕ್ಷಣೆಯೆಲ್ಲ ಗಿಣ್ಣು ಹಾಲಿನಿಂದ, ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ತಾಸಿನಿಂದ ತಾಸಿಗೆ ಕುಗ್ಗಿ ಒಂದು ದಿನದಲ್ಲಿ ಮುಗಿಯುತ್ತದೆ. ಮೂರು ಕಿಲೋ ತೂಕದ ಮರಿಗೆ ಮೊದಲ ದಿನ ಸುಮಾರು 300 ಮಿಲಿಲೀಟರ್ ಗಿಣ್ಣು ಬೇಕು, ಅದರಲ್ಲಿ ಅರ್ಧದಷ್ಟಾದರೂ ಮೊದಲ ಆರು ತಾಸಿನಲ್ಲಿ. ನಿಮಗೆ ಉಳಿದಿರುವುದು ಎರಡೇ ತಾಸು. ಚಿಕ್ಕ ಮರಿ ಚೀಪದಿದ್ದರೆ ಕರೆದು ಬಾಟಲಿಯಿಂದ ನಿಧಾನವಾಗಿ ಕುಡಿಸಿ. ಮರಿ ಚೀಪಿದಾಗ ತಾಯಿಯ ದೇಹದಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲಿಳಿಸುವುದಲ್ಲದೆ ಗರ್ಭಕೋಶವನ್ನೂ ಹಿಂಡಿಸುತ್ತದೆ, ಆದ್ದರಿಂದ ಹಾಲು ತಡೆದರೆ ಮಾಸು ಬೀಳುವುದೂ ತಡವಾದೀತು. ಖರವಸಕ್ಕೆಂದು (ಗಿಣ್ಣಿನ ಸಿಹಿ ತಿನಿಸಿಗೆ) ಯಾರಾದರೂ ಗಿಣ್ಣು ಕೇಳಿದರೆ, ಮರಿಗಳು ಕುಡಿದು ಮಿಕ್ಕದ್ದನ್ನು ಮಾತ್ರ ಕೊಡಿ.

ಸಂಜೆ ಆರಾದರೂ ಬೀಳದಿದ್ದರೆ, ಅಥವಾ ಅದಕ್ಕೂ ಮೊದಲೇ ದುರ್ವಾಸನೆ ಬಂದರೆ, ಆಡು ಮೇವು ಬಿಟ್ಟರೆ, ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪಶುವೈದ್ಯರನ್ನು ಕರೆಸಿ; ಸಂಚಾರಿ ಪಶುಚಿಕಿತ್ಸೆಗೆ 1962ಕ್ಕೆ ಫೋನ್ ಮಾಡಬಹುದು. ಮಾಸು ಬಿದ್ದಾಗ ಬರಿಗೈಯಲ್ಲಿ ಮುಟ್ಟಬೇಡಿ, ಮನೆಯಲ್ಲಿ ಬಸುರಿಯರಿದ್ದರೆ ಅವರು ಹತ್ತಿರವೂ ಹೋಗಬಾರದು. ಗರ್ಭಪಾತಕ್ಕೆ ಕಾರಣವಾಗುವ ಕಂದು ರೋಗದ ಬ್ರುಸೆಲ್ಲಾ ರೋಗಾಣು ಮಾಸಿನಲ್ಲಿ ಹೇರಳವಾಗಿರಬಲ್ಲದು. 1887ರಲ್ಲಿ ಬ್ರಿಟಿಷ್ ಸೇನಾವೈದ್ಯ ಡೇವಿಡ್ ಬ್ರೂಸ್ ಅದನ್ನು ಮೊದಲು ಬೇರ್ಪಡಿಸಿದ್ದೇ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ದೇಹದಿಂದ, ಅದರ ಮೂಲ ಅಲ್ಲಿನ ಆಡುಗಳೆಂದು ತಿಳಿದದ್ದು 1905ರಲ್ಲಿ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ನಾಯಿ ತನ್ನ ಮಾಸನ್ನು ತಾನೇ ತಿನ್ನುವುದು ಸಹಜ, ಆದರೆ ಆಡಿನದಕ್ಕೆ ಬಾಯಿ ಹಾಕಲು ಬಿಡದೆ ಅಲ್ಲಿಯವರೆಗೆ ಅದನ್ನು ಕಟ್ಟಿಹಾಕಿರಿ.